ಅಕ್ಕಿಯದಲ್ಲದ ಶಾವಿಗೆ

ನೊರೆ ಬಂದು ವಾಪಸ್ ಹೋಗುವಾಗ ಮರಳಿನ ಮೇಲೆ ಒಂದು ಬಿಳಿ ಗೆರೆ ಬಿಟ್ಟು ಹೋಗ್ತದೆ, ಅನ್ನ ಬಸಿದಾಗ ತಪ್ಪಲೆ ಅಂಚಲ್ಲಿ ಗಂಜಿ ಒಣಗ್ತದಲ್ಲ ಹಂಗೇ — ಸಮುದ್ರದ ಮುಂದೆ ಕೂತ್ರೂ ನಂಗೆ ಅಡುಗೆಮನೆಯೇ ಕಾಣ್ತದೆ, ಗುಂಡ್ಲುಪೇಟೆಯಿಂದ ಇಷ್ಟು ದೂರ, ವಿಮಾನ ಹತ್ತಿ ಶ್ರೀಲಂಕಾಕ್ಕೆ ಬಂದು, ತೆಂಗಿನ ಮರದ ಕೆಳಗೆ ಮರಳಲ್ಲೇ ಮೇಜು ಹಾಕಿರೋ ಹೋಟೆಲಲ್ಲಿ ಕೂತು ನಾನು ನೋಡ್ತಿರೋದು ಯಾವ ಚಮಚ ಯಾವ ಪಾತ್ರೆಯಿಂದ ಯಾವ ಪಾತ್ರೆಗೆ ಹೋಯ್ತು ಅಂತ, ಆ ಕೆಂಪು ಟೋಪಿ ಹೆಂಗಸು ಬ್ರೆಡ್ಡು ಎತ್ತಿದ ಇಕ್ಕಳದಲ್ಲೇ ಪಪ್ಪಾಯಿ ಎತ್ತಿದ್ಲು, ಮುಗೀತು, ಇವತ್ತು ಪಪ್ಪಾಯಿಯೂ ಇಲ್ಲ, ಬಾಳೆಹಣ್ಣೇ ಗತಿ, ಸಿಪ್ಪೆ ಇರೋದು ಒಳ್ಳೇದು, ಸಿಪ್ಪೆ ಇರೋದನ್ನ ನಂಬಬಹುದು. ಪಂಪ್‌ಸೆಟ್ ಕಂಪನಿಯವರು ಡೀಲರುಗಳನ್ನೆಲ್ಲ ಕರ್ಕೊಂಡು ಬಂದಿರೋ ಟ್ರಿಪ್ಪು ಇದು, ಇವರು, ನನ್ನ ಗಂಡ ಸೋಮೇಶ್, ಬೆಳಿಗ್ಗೇನೇ ಬೇರೆ ಡೀಲರುಗಳ ಜೊತೆ ದೋಣಿ ಹತ್ತಿ ತಿಮಿಂಗಿಲ ನೋಡಕ್ಕೆ ಹೋದ್ರು, ಬರ್ತೀಯಾ ದಾನೇಶ್ವರಿ ಅಂದ್ರು, ದೋಣಿಯಲ್ಲಿ ತಿಂಡಿ ಏನು ಕೊಡ್ತಾರೋ, ಸ್ಯಾಂಡ್‌ವಿಚ್ಚೇ ಇರ್ತದೆ, ನೀವು ಹೋಗ್ಬನ್ನಿ ಅಂದೆ. ಪಕ್ಕದಲ್ಲಿ ಅತ್ತೆ, ದೊಡ್ಡಮಲ್ಲಮ್ಮನೋರು, ಅಲೆ ಎಲ್ಲಿ ಎತ್ಕೊಂಡು ಹೋಗ್ತದೋ ಅಂತ ಚಪ್ಪಲಿಯನ್ನ ಮಡಿಲಲ್ಲಿ ಇಟ್ಕೊಂಡು ಕೂತವ್ರೆ, ಅರವತ್ತೇಳನೇ ವರ್ಷಕ್ಕೆ ಮೊದಲ ಸಲ ಸಮುದ್ರ ನೋಡಿ ಅವರು ಕೇಳಿದ್ದು ಒಂದೇ, ಇದ್ಕೆ ಏರಿ ಎಲ್ಲದೆ ಕಣಮ್ಮಿ ಅಂತ. ನನ್ನ ಬ್ಯಾಗಲ್ಲಿ ರಾಗಿ ಹುರಿಹಿಟ್ಟಿನ ಡಬ್ಬ, ಇಂಗು ಹಾಕದ ಚಟ್ನಿಪುಡಿ, ಏರ್‌ಪೋರ್ಟಲ್ಲಿ ಆ ಆಫೀಸರ್ ಹುರಿಹಿಟ್ಟನ್ನ ಮೂಗಿನ ಹತ್ರ ಹಿಡಿದು ಇದೇನು ಇದೇನು ಅಂತ ಮೂರು ಸಲ ಕೇಳಿದ, ಔಷಧಿ ಅಂದೆ, ಸುಳ್ಳೇನಲ್ಲ. ಜೊತೆಗೆ ಆ ಚೀಟಿ, ಇವರು ಮೊಬೈಲಲ್ಲಿ ತರ್ಜುಮೆ ಮಾಡಿ ಸಿಂಹಳದಲ್ಲಿ ಪ್ರಿಂಟ್ ತೆಗೆಸಿದ್ದು, ಈಕೆ ಗೋಧಿ ಮೈದಾ ರವೆ ಬಾರ್ಲಿ ತಿನ್ನುವಂತಿಲ್ಲ, ಕಾಯಿಲೆ ಬೀಳುತ್ತಾಳೆ, ದುಂಡುದುಂಡು ಅಕ್ಷರ, ನಮ್ಮ ಅಕ್ಷರದ ತಂಗಿ ಹಂಗವೆ ಆದ್ರೆ ಒಂದೂ ಓದಕ್ಕಾಗಲ್ಲ, ಮೊದಲ ದಿನ ಸಪ್ಲೈಯರು ಅದನ್ನ ಭಕ್ತಿಯಿಂದ ಓದಿ, ತಲೆ ಆಡಿಸಿ, ಒಳಗೆ ಹೋಗಿ ಕಂದು ಬಣ್ಣದ ಬ್ರೆಡ್ಡು ತಂದಿಟ್ಟ, ಆರೋಗ್ಯಕ್ಕೆ ಒಳ್ಳೇದು ಅನ್ನೋ ಮುಖ ಮಾಡ್ಕೊಂಡು, ಪಾಪ. ಮೂರು ದಿನದಿಂದ ಹುರಿಹಿಟ್ಟು, ಮೊಸರು, ಬಾಳೆಹಣ್ಣು.

ಕಾಯಿಲೆ ಬೀಳುತ್ತಾಳೆ — ಬಿದ್ದೇ ಇದ್ನಲ್ಲ, ಚಂದಕವಾಡಿಯಿಂದ ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ, ಹೊಟ್ಟೆ ಉಬ್ಬರ, ಬೇಧಿ, ಬಾಚಣಿಗೆ ತುಂಬ ಕೂದಲು, ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ, ಗ್ಯಾಸು ಅಂತ ಜೀರಿಗೆ ಕಷಾಯ, ಎರಡು ಸಲ ನಿಂತ ಬಸುರು ಎರಡು ಸಲವೂ ಮೂರು ತಿಂಗಳೊಳಗೆ ಹೋಯ್ತು, ಅವಳಿಗೆ ಮೈಯಲ್ಲಿ ಕಸುವೇ ಇಲ್ಲ ಅಂತ ಅತ್ತೆ ದಿನಾ ಸಂಜೆ ನನ್ನ ತಟ್ಟೆಗೆ ಎರಡು ಚಪಾತಿ ಜಾಸ್ತಿ ಹಾಕೋರು, ಮೇಲೆ ತುಪ್ಪ, ಗೋಧಿ ಪುಷ್ಟಿ ಕಣಮ್ಮಿ ತಿನ್ನು ಅಂತ, ಪ್ರೀತಿಯಿಂದಲೇ, ಅದರಲ್ಲಿ ನಂಗೆ ಅನುಮಾನ ಇಲ್ಲ. ಮೈಸೂರಿನ ಡಾಕ್ಟ್ರು ಕಾಗದದ ಮೇಲೆ ಕರುಳು ಬರೆದು ತೋರಿಸಿದ್ರು, ಒಳಗೆ ಮಖಮಲ್ ಥರ ಇರಬೇಕಮ್ಮ, ನಿಮ್ಮದು ಸವೆದು ಬೋಳಾಗಿದೆ, ಸೀಲಿಯಾಕ್ ಅಂತಾರೆ, ಗೋಧಿ ಒಂದು ಚಿಟಿಕೆಯೂ ಬೇಡ, ಜೀವಮಾನ ಪೂರ್ತಿ. ನಾನು ಅಳಲಿಲ್ಲ, ಖುಷಿಯಾಯ್ತು, ನಂದಕ್ಕೂ ಒಂದು ಹೆಸರಿದೆಯಲ್ಲ, ನಾನು ನಾಟಕ ಆಡ್ತಿರಲಿಲ್ಲವಲ್ಲ — ಆದ್ರೆ ಮನೇಲಿ ಅದೇ ನಾಟಕವಾಯ್ತು, ಗೋಧಿ ತಿಂದು ಯಾರಾದ್ರೂ ಕಾಯ್ಲೆ ಬಿದ್ದವ್ರಾ, ಚಪಾತಿ ಉಜ್ಜಕ್ಕೆ ಮೈಗಳ್ಳತನ ಅಂತ ಅತ್ತೆ ಪಕ್ಕದ ಮನೆಯವರ ಹತ್ರ ಹೇಳಿದ್ದು ಗೋಡೆ ದಾಟಿ ಕೇಳಿಸ್ತು, ಮದ್ದೂರಿನ ಮದುವೆಯಲ್ಲಿ ನಾನು ಒಬ್ಬಟ್ಟು ಬೇಡ ಅಂದಾಗ ಬಡಿಸೋರು ಎಲೆ ಮುಂದೆ ನಿಂತೇ ಇದ್ರು, ಪಂಕ್ತಿಯೆಲ್ಲ ನನ್ನ ಕಡೆ ತಿರುಗ್ತು, ಅತ್ತೆಯ ಮುಖ ಸಣ್ಣದಾಯ್ತು, ಮನೆಗೆ ಬಂದ ಮೇಲೆ ನಾನು, ಅತ್ತೆ, ಅಂಗಡಿ ಇಂಗಿಗೂ ಗೋಧಿಹಿಟ್ಟು ಬೆರೆಸಿರ್ತಾರಂತೆ ಅಂದೆ ನೋಡು, ಅವತ್ತೇ ಹೇಳಬಾರದಿತ್ತು, ಇಂಗಿನ ಡಬ್ಬಿಯನ್ನ ಕಲ್ಲಿನ ಮೇಲೆ ಕುಕ್ಕಿದ್ರು, ನೀ ಗಾಳಿ ಕುಡ್ಕೊಂಡ್ ಬದ್ಕು ಅಂದ್ರು.

ಅದಾಗಿ ಒಂದು ವಾರ ಇರಬೇಕು, ಸೋಮವಾರ, ಮುದ್ದೆ, ಸೊಪ್ಪಿನ ಸಾರು. ಮುದ್ದೆ ಬೆರಳಿಗೆ ಅಂಟ್ತಿತ್ತು, ಬಣ್ಣವೂ ಒಂಚೂರು ತಿಳಿ, ಹೊಸ ರಾಗಿ ಇರಬೇಕು ಅಂದ್ಕೊಂಡೆ, ಯಾವತ್ತೂ ನನ್ನ ಜೊತೆ ಕೂರದ ಅತ್ತೆ ಅವತ್ತು ಎದುರಿಗೆ ಕೂತು ನಾನು ನುಂಗೋದನ್ನ ನೋಡ್ತಿದ್ರು, ಪರವಾಗಿಲ್ಲ, ಕೋಪ ಇಳೀತು ಅಂದ್ಕೊಂಡೆ, ಇನ್ನೊಂದು ಅರ್ಧ ಮುದ್ದೆ ನಾನೇ ಕೇಳಿ ಹಾಕಿಸ್ಕೊಂಡೆ. ಸಂಜೆಯೊಳಗೆ ಮಲಗಿದೆ, ಮೂರು ದಿನ ಏಳಲಿಲ್ಲ, ವಾಂತಿ, ಬೇಧಿ, ಗೋಡೆ ಹಿಡ್ಕೊಂಡು ಬಚ್ಚಲಿಗೆ, ಮೂರನೇ ದಿನ ಬಚ್ಚಲಲ್ಲಿ ರಕ್ತ. ಯಾರಿಗೂ ಹೇಳಿರಲಿಲ್ಲ ನಾನು, ಹದಿನೈದು ದಿನದ ಹಿಂದೆ ಬಸುರು ನೋಡೋ ಕಡ್ಡಿಯಲ್ಲಿ ಎರಡು ಗೆರೆ ಮೂಡಿತ್ತು, ಹಿಂದೆ ಎರಡು ಸಲ ಹೇಳಿ ಹೇಳಿ ಹೋಗಿತ್ತಲ್ಲ, ಈ ಸಲ ಮೂರು ತಿಂಗಳು ದಾಟಲಿ ಅಂತ ಇವರಿಗೂ ಹೇಳದೆ ಸೀರೆ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ ಆ ಕಡ್ಡಿಯನ್ನ, ಹೋದ ಮೇಲೆ ಹೋಯ್ತು ಅಂತ ಹೇಳೋದಾದ್ರೂ ಯಾರಿಗೆ. ಆಮೇಲೆ ಮೈಸೂರಿನ ಡಾಕ್ಟ್ರಿಗೆ ಒಬ್ಬರಿಗೇ ಹೇಳಿದೆ, ಇದರಿಂದಲೇ ಹೋಯ್ತು ಅಂತ ಹೇಳಕ್ಕಾಗಲ್ಲಮ್ಮ, ಮೊದಲ ತಿಂಗಳಲ್ಲಿ ಎಷ್ಟೋ ಹೋಗ್ತವೆ ಅಂದ್ರು. ಹೇಳಕ್ಕಾಗಲ್ಲ. ಅದನ್ನೇ ನಾನೂ ಇಟ್ಕೊಂಡೆ, ಹೇಳಕ್ಕಾಗಲ್ಲ. ಎದ್ದು ಬಂದು ನೋಡ್ತೀನಿ, ಅಡುಗೆಮನೆಯಲ್ಲಿ ಗೋಧಿಹಿಟ್ಟಿನ ಡಬ್ಬ ಇಲ್ಲ, ಮುದ್ದೆ ಕೋಲು ಹೊಸದು, ಲಟ್ಟಣಿಗೆ ಅಟ್ಟ ಸೇರಿದೆ, ಆ ವಾರದಿಂದ ಅತ್ತೆ ಬೆಳಿಗ್ಗೆ ಗಿರಣಿ ಬಾಗಿಲು ತೆಗೆಯೋ ಮೊದಲೇ ರಾಗಿ ಡಬ್ಬ ಹಿಡ್ಕೊಂಡು ಹೋಗಿ ನಿಲ್ಲೋರು, ಯಾರ ಗೋಧಿಯೂ ಬೀಳೋ ಮುಂಚೆ ನಮ್ಮ ರಾಗಿ ಬೀಳಬೇಕು ಅಂತ, ಗಿರಣಿಯವನ ಜೊತೆ ಜಗಳ ಮಾಡಿ ಕಲ್ಲು ಗುಡಿಸಿಸೋರು, ಮಗನಿಗೆ ಚಪಾತಿ ಬೇಕಂದ್ರೆ ಊಟಿ ರಸ್ತೆ ಹೋಟೆಲಲ್ಲಿ ತಿನ್ಕೊಂಡು ಬಾ ಓಗು ಅನ್ನೋರು. ಒಂದು ಮಾತಿಲ್ಲ. ನಾನೂ ಕೇಳಲಿಲ್ಲ, ಆರು ವರ್ಷ. ನಡುವೆ ಮಗಳು ರೂಪಶ್ರೀ ಹುಟ್ಟಿದಳು, ನಾಕು ವರ್ಷ ಈಗವಳಿಗೆ, ಚಂದಕವಾಡಿಯಲ್ಲಿ ಅಮ್ಮನ ಹತ್ರ ಬಿಟ್ಟು ಬಂದಿದ್ದೀವಿ, ಎದ್ದಿರ್ತಾಳೆ, ಅಜ್ಜಿಯನ್ನ ಕೇಳ್ತಿರ್ತಾಳೆ, ನನ್ನನ್ನಲ್ಲ, ಈ ಅಜ್ಜಿಯನ್ನ.

ಒತ್ತುಶಾವಿಗೆ ಕಣಮ್ಮಿ, ಅಂತ ಅತ್ತೆ ಎದ್ದೇ ಬಿಟ್ರು, ಚಪ್ಪಲಿ ಮಡಿಲಿಂದ ಜಾರಿ ಬಿತ್ತು, ಅಲ್ನೋಡು, ನಮ್ ಒತ್ತುಶಾವಿಗೆ, ಹೌದು, ಬಿದಿರಿನ ತಟ್ಟೆಯಲ್ಲಿ ಬಿಳೀ ಶಾವಿಗೆಯ ಪುಟ್ಟಪುಟ್ಟ ಬಿಲ್ಲೆ, ಮಗ್ಗುಲಲ್ಲಿ ತೆಂಗಿನಕಾಯಿ ಚಟ್ನಿ, ನನ್ನ ಬಾಯಲ್ಲಿ ನೀರು ಬಂತು, ಮೂರು ದಿನದ ಹಸಿವು ಒಟ್ಟಿಗೇ ಬಂತು. ಅತ್ತೆಗೆ ಗಡಿ ಕಡೆಯ ತಮಿಳು ಅಷ್ಟಿಷ್ಟು ಬರ್ತದೆ, ಸಪ್ಲೈಯರನ್ನ ಹಿಡಿದು ಅರಿಸಿಯಾ, ಗೋದುಮೈಯಾ ಅಂದ್ರು, ಅಕ್ಕಿಯಾ ಗೋಧಿಯಾ ಅಂತ, ಅವನು ಅರಿಸಿ ಅರಿಸಿ ಅಂತ ನಕ್ಕ, ಚೀಟಿ ತೋರಿಸಿದೆ, ಮತ್ತೂ ಅರಿಸಿ ಅಂದ. ನಾಕು ಬಿಲ್ಲೆ ಹಾಕ್ಕೊಂಡು ಬಂದೆ, ಬೆರಳಲ್ಲಿ ಮುರಿದೂ ಆಗಿತ್ತು, ತುತ್ತು ಎತ್ತಿದ್ದೆ, ತಡಿ ಅಂದ್ರು ಅತ್ತೆ, ನನ್ನ ತಟ್ಟೆಯಿಂದ ಒಂದು ಎಳೆ ತಗೊಂಡು ಬಾಯಿಗೆ ಹಾಕ್ಕೊಂಡ್ರು, ಕಣ್ಣು ಮುಚ್ಚಿ ಅಗಿದ್ರು, ಸಮುದ್ರದ ಸದ್ದಲ್ಲಿ ಅವರ ದವಡೆ ನಿಧಾನಕ್ಕೆ ಆಡ್ತಿತ್ತು, ನಿಂತಿತು, ಆಮೇಲೆ ಅಂಗೈ ಒಡ್ಡಿ ಅದರಲ್ಲೇ ಉಗುಳಿದ್ರು. ಇದು ಬರೀ ಅಕ್ಕಿಯಲ್ಲ ಕಣಮ್ಮಿ, ಮಡುಗು ಕೆಳೀಕೆ, ಅಕ್ಕೀದು ಬಾಯಲ್ಲಿ ಮುರೀತದೆ, ಇದು ಎಳೀತದೆ. ಸಪ್ಲೈಯರು ಒಳಗೆ ಹೋಗಿ ಅಡುಗೆಯವನನ್ನ ಕರೆದು ತಂದ, ಅವನು ಕೈ ಒರೆಸ್ಕೊಂಡು ಇವತ್ತು ಅಕ್ಕಿಹಿಟ್ಟು ಸಾಲಲಿಲ್ಲ, ಅರ್ಧ ಗೋಧಿ ಅಂತ ತಲೆ ತಗ್ಗಿಸಿದ, ಇಬ್ಬರೂ ತಟ್ಟೆ ಎತ್ಕೊಂಡು ಹೋದ್ರು. ಒಂದು ತುತ್ತಿನಷ್ಟು ದೂರ ಇತ್ತಲ್ಲ. ನಿಮಗೆ ಹೆಂಗೆ ಗೊತ್ತಾಯ್ತು ಅತ್ತೆ ಅಂದೆ, ಸುಮ್ನೆ, ಬಾಯಿಗೆ ಬಂದದ್ದು ಅಂದೆ, ಅಂದ ಮೇಲೆ ಗೊತ್ತಾಯ್ತು ಏನು ಕೇಳಿಬಿಟ್ಟೆ ಅಂತ. ಅತ್ತೆ ನೀರಿನ ಕಡೆ ನೋಡ್ತಿದ್ರು. ಅಂಗೈ ಹಂಗೇ ಒಡ್ಡಿತ್ತು. ಗೊತ್ತು ಕಣಮ್ಮಿ ಅದ್ರ ಜಿಗುಟು, ನಾನೇ ಬೆರ್ಸಿದ್ದೆ ಒಂದ್ಸಲ, ಆ ಸೋಮ್ವಾರ, ಮುದ್ದೆಗೆ, ನಿಜ್ವಾ ಸುಳ್ಳಾ ನೋಡನ ಅಂತ ಮಾಡ್ಬುಟ್ಟೆ, ಬೆರೆಸ್ದೋಳು ಮೊದ್ಲು ನಾನೇ ಬಾಯ್ಗಾಕಿ ನೋಡಿದ್ದೆ, ನಿಂಗೆ ತಿಳೀತದೋ ಏನೋ ಅಂತ. ಅಲೆ ಬಂತು, ಹೋಯ್ತು. ನೀ ಮೂರ್ ದಿನ ಏಳ್ನಿಲ್ಲ, ನಾ ದೇವ್ರ ಮನೆ ಮುಂದೆ ಕೂತಿದ್ದೆ, ಎದ್ದೆಯಲ್ಲ, ಬದುಕ್ದೆ ಅಂದ್ಕೊಂಡೆ — ಆಮೇಲೆ ನನ್ನ ಕಡೆ ತಿರುಗಿದ್ರು, ಕಣ್ಣ ಕೆಳಗಿನ ಚರ್ಮ ಅದುರ್ತಿತ್ತು. ಬರೀ ಒಟ್ಟೆನೋವು ತಾನೆ ಕಣವ್ವಾ, ಬ್ಯಾರೆ ಏನೂ ಆಗ್ಲಿಲ್ವಲ್ಲ.

ಹೇಳಬಹುದು ಈಗ, ಇಲ್ಲಿ ಯಾರಿಗೂ ಕನ್ನಡ ಬರಲ್ಲ, ಹೇಳಿದ್ರೆ ಈ ನೀರು ಕೇಳ್ತದೆ ಅಷ್ಟೇ, ಆರು ವರ್ಷ ನಾನೊಬ್ಬಳೇ ಹೊತ್ತದ್ದು ಅರ್ಧ ಇವರೂ ಹೊರಲಿ, ಹೊರಲಿ ಯಾಕೆ ಹೊರಬಾರದು, ಆದ್ರೆ ಹೇಳಕ್ಕಾಗಲ್ಲಮ್ಮ ಅಂದ್ರಲ್ಲ ಡಾಕ್ಟ್ರು, ಹೌದೋ ಅಲ್ವೋ ನಂಗೇ ಗೊತ್ತಿಲ್ಲದ್ದನ್ನ ಇವರ ತಲೆ ಮೇಲೆ ಹೇಗೆ ಇಡಲಿ, ಗಿರಣಿ ಬಾಗಿಲಲ್ಲಿ ಚಳಿಗೆ ಸೆರಗು ಹೊದ್ದು ನಿಲ್ಲೋ ಈ ತಲೆ ಮೇಲೆ, ಇಟ್ಟರೆ ರೂಪಶ್ರೀಯನ್ನ ಎತ್ಕೊಳ್ಳೋವಾಗೆಲ್ಲ ಇವರಿಗೆ ಇನ್ನೊಂದು — ಬೇಡ. ಇಲ್ಲ ಅತ್ತೆ, ಬೇರೆ ಏನೂ ಆಗಲಿಲ್ಲ, ಅಂದೆ. ಸ್ವರ ಸರಿಯಾಗೇ ಬಂತು. ಅತ್ತೆ ಉಸಿರು ಬಿಟ್ರು, ಆದ್ರೆ ಕೈ ಇಳಿಸಲಿಲ್ಲ, ಉಗುಳಿದ್ದನ್ನ ಎಲ್ಲಿ ಹಾಕೋದು ಅಂತ ಗೊತ್ತಾಗದೆ ಹಂಗೇ ಹಿಡ್ಕೊಂಡು ಕೂತವ್ರೆ, ಕೊಡಿ ಅತ್ತೆ ಅನ್ನಬೇಕು, ನೀರಲ್ಲಿ ತೊಳ್ಕೊಳ್ಳಿ ಅನ್ನಬೇಕು, ಬಾಯಿ ಬರ್ತಿಲ್ಲ, ಆ ಅಂಗೈ, ಗೆರೆಗಳ ನಡುವೆ ಅಗಿದ ಬಿಳೀ ಉಂಡೆ, ಬಟಾಣಿಯಷ್ಟು, ಒದ್ದೆ, ಬಿಸಿಲು ಬಿದ್ದು ಹೊಳೀತಿದೆ, ಆ ಅಂಗೈ, ಆ ಅಂಗೈ