ತಿರುವಿಗೊಂದು ಫೈಲು

ಡಿವಿಡಿ ಪ್ಲೇಯರು ಸಿಡಿಯನ್ನು ಒಳಗೆಳೆದುಕೊಂಡು, ಗರಗರ ತಿರುಗಿಸಿ, ಹೊರಗೆ ಉಗುಳಿತು. ಉಚ್ಚೆಂಗೆಪ್ಪ ಮತ್ತೆ ತುರುಕಿದ. ಅದು ಮತ್ತೆ ಉಗುಳಿತು. ಟಿವಿ ನೀಲಿಯಾಗಿ ನಿಂತಿತ್ತು.

“ಮಾಸ್ತರ, ಹೀರೋಯಿನ್ ಇನ್ನಾ ಪೌಡರ್ ಹಚ್ಚಿಕೊಳ್ಳಾಕತ್ಯಾಳೇನ್ರಿ?” ಎಂದ ಒಬ್ಬ ಲಾರಿ ಡ್ರೈವರು.

ಮರಿಯಮ್ಮನಹಳ್ಳಿಯ ಆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದ ಡ್ರೈವರುಗಳೆಲ್ಲ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಉಚ್ಚೆಂಗೆಪ್ಪನ ಸ್ವಂತ ತಮ್ಮ ಜಡೆಪ್ಪ. ಅವನೂ ಡ್ರೈವರೇ.

“ನಗ್ರಿ, ನಗ್ರಿ! ನಾಳೆ ಕಣಿವ್ಯಾಗ ಬಿದ್ದರ ಹಲ್ಲು ಆರಿಸಾಕ ನಾ ಬರಂಗಿಲ್ಲ,” ಎಂದು ಉಚ್ಚೆಂಗೆಪ್ಪ ಗದರಿದ.

ಬಾಯಿಗೆ ಬಂದ ಮಾತಲ್ಲ ಅದು. ವರ್ಷಗಟ್ಟಲೆ ಲಾರಿ ಓಡಿಸಿ, ಈಗ ಸಂಡೂರಿನ ಒಂದು ಗಣಿಯಲ್ಲಿ ಡ್ರೈವರುಗಳಿಗೆ ಸುರಕ್ಷತೆಯ ಪಾಠ ಹೇಳುತ್ತಿದ್ದ ಅವನಿಗೆ ಆ ಭಯ ನಿಜವಾಗಿಯೂ ಇತ್ತು. ಮರುದಿನ ಬೆಳಿಗ್ಗೆ ಗುಡ್ಡದಿಂದ ಅದಿರು ಇಳಿಸುವ ಹೊಸ ದಾರಿ ಶುರುವಾಗಲಿತ್ತು. ಅದರ ಕೆಲವು ತಿರುವುಗಳಲ್ಲಿ ಎಡಗಡೆಯ ಅಂಚಿನ ಮಣ್ಣು ಮೆತ್ತಗೆ. ಅಲ್ಲಿ ಲೋಡಾದ ಲಾರಿ ರೂಢಿ ಬಿಟ್ಟು ಬಲಕ್ಕೆ, ಗುಡ್ಡದ ಮೈಗೆ ಹತ್ತಿಕೊಂಡು ಇಳಿಯಬೇಕು. ಉಳಿದ ಕಡೆ ಎಡಕ್ಕೇ. ಯಾವ ತಿರುವಿಗೆ ಯಾವ ಕಡೆ ಎಂಬುದು ಡ್ರೈವರನ ತಲೆಯಲ್ಲೇ ಇರಬೇಕು. ಹಲಗೆ ನೆಟ್ಟರೆ ಕೆಂಪು ದೂಳು ಓದಗೊಡುವುದಿಲ್ಲ.

ಡ್ರೈವರುಗಳನ್ನು ಆಫೀಸಿಗೆ ಕರೆದರೆ ಯಾರೂ ಬರುವುದಿಲ್ಲ. ಊಟದ ಹೊತ್ತಿಗೆ ಟಿವಿ ಹಾಕಿದರೆ ಏಳೆಂದರೂ ಏಳುವುದಿಲ್ಲ. ಅದಕ್ಕೇ ಉಚ್ಚೆಂಗೆಪ್ಪ ತಿರುವುಗಳ ಫೋಟೋ ತೆಗೆದು, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಸ್ಲೈಡು ಮಾಡಿ ಸಿಡಿಗೆ ಹಾಕಿಸಿದ್ದ. ಕಂಪ್ಯೂಟರಿನಲ್ಲಿ ಕಂಡದ್ದು ಟಿವಿಯಲ್ಲೂ ಕಂಡೇ ಕಾಣುತ್ತದೆ ಎಂಬುದು ಅವನ ಎಣಿಕೆ.

“ಅಣ್ಣಾ, ಸಂಜಿಗೆ ಇಲ್ಲೇ ಚಾ ಕುಡುದು ಲೋಡಿಗೆ ಗುಡ್ಡ ಹತ್ತತೀವಿ,” ಎಂದ ಜಡೆಪ್ಪ ಕೈತೊಳೆಯುತ್ತ. “ಅಷ್ಟರಾಗ ನಿನ್ನ ಸಿನಿಮಾ ತಂದರ ನೋಡ್ತೀವಿ. ಇಲ್ಲಾಂದ್ರ ಕಣ್ಣಿಗೆ ಕಂಡಂಗ ಇಳೀತೀವಿ.”

ಕಣ್ಣಿಗೆ ಕಂಡಂತೆ! ಉಚ್ಚೆಂಗೆಪ್ಪ ಜೀಪು ಹತ್ತಿ ಹೊಸಪೇಟೆಗೆ ಬಂದ. ಈ ಕೆಲಸ ಬಲ್ಲವರಲ್ಲಿ ಅವನಿಗೆ ಗೊತ್ತಿದ್ದವನು ತಿರುಮಲ ಒಬ್ಬನೇ. ಮದುವೆ ಕಾರ್ಡು ಅಚ್ಚು ಹಾಕುವ ಆಸಾಮಿ. ತನ್ನ ಮಗಳ ಮದುವೆಯ ಕಾರ್ಡಿನಲ್ಲಿ ಬೀಗರ ಹೆಸರನ್ನು ಕೆಳಗೆ ಹಾಕಿದನೆಂದು ಉಚ್ಚೆಂಗೆಪ್ಪ ಅವನನ್ನು ನಡುಬೀದಿಯಲ್ಲಿ ನಿಲ್ಲಿಸಿ ಬಯ್ದಿದ್ದ.

“ಬರ್ರಿ ಮಾಸ್ತರ, ಕುಂದ್ರಿ,” ಎಂದ ತಿರುಮಲ ಅಂಗಡಿಯಲ್ಲಿ ಕೂತಲ್ಲೇ, ತಲೆ ಎತ್ತದೆ. “ಒಳಗ ಬಯ್ತೀರೋ, ಬೀದಿಗೆ ಬರಲೋ?”

“ಬಯ್ಯಾಕ ಬಂದಿಲ್ಲ ತಿರುಮಲಾಚಾರ್ರ. ಕೆಲಸ ಕೆಟ್ಟೈತಿ.”

ತಿರುಮಲ ಸಿಡಿ ಹಾಕಿ ನೋಡಿದ. ನೋಡಿ, ಕನ್ನಡಕ ತೆಗೆದು ನಕ್ಕ. “ಇದೇನ್ರಿ ಇದು, ತಿರುವಿಗೊಂದು ಫೈಲು?”

“ಮತ್ತ? ಒಂದು ಗಾಡಿಗೆ ಒಂದು ಲೋಡು. ಒಂದು ಫೈಲಿಗೆ ಒಂದು ತಿರುವು.”

“ಎಲ್ಲಾ ಒಂದರಾಗೇ ಹಿಡೀತಿದ್ವು ಮಾಸ್ತರ! ಇರ್ಲಿ. ಆ ಪ್ಲೇಯರಿಗೆ ಸ್ಲೈಡು ತಿಳಿಯಂಗಿಲ್ಲ, ಫೋಟೋ ತಿಳೀತೈತಿ. ಇವನ್ನ ಒಂದೊಂದೇ ತೆಗೆದು ಫೋಟೋ ಮಾಡಿಕೋತ ಕುಂತರ ನಾಳೆ ಆಕ್ಕೈತಿ.”

ಉಚ್ಚೆಂಗೆಪ್ಪ ಗಾಬರಿಯಿಂದ ಗೋಡೆಯ ಗಡಿಯಾರ ನೋಡಿದ. ತಿರುಮಲ ಅದನ್ನು ನೋಡಿ ಸ್ವಲ್ಪ ಹೊತ್ತು ಸುಖಪಟ್ಟ. ಆಮೇಲೆ, “ಗಾಬರಿ ಬ್ಯಾಡ್ರಿ. ಹಂಪಿ ಗೈಡುಗಳ ಸ್ಲೈಡು ಫೋಟೋ ಮಾಡಾಕ ಒಂದು ಸ್ಕ್ರಿಪ್ಟ್ ಬರ್ದಿಟ್ಟೀನಿ. ಕಂಪ್ಯೂಟರಿಗೆ ಕೆಲಸ ಹೇಳೋ ನಾಕು ಸಾಲು, ಅಷ್ಟ” ಎಂದು ಒಂದು ಗುಂಡಿ ಒತ್ತಿ ಕೈಕಟ್ಟಿ ಕೂತ.

ಯಾರೂ ಮುಟ್ಟದೆ ಫೈಲುಗಳು ತಾವೇ ತೆರೆದವು, ತಾವೇ ಮುಚ್ಚಿದವು. ಫೋಲ್ಡರಿನಲ್ಲಿ ಫೋಟೋಗಳು ಒಂದರ ಹಿಂದೊಂದು ಬಂದು ಬಿದ್ದವು. ಕ್ಲೀನರಿಲ್ಲದೆ ಲೋಡು ತಾನೇ ಇಳಿದಂತೆ ಕಂಡು ಉಚ್ಚೆಂಗೆಪ್ಪ ಬಾಯಿ ತೆರೆದು ನೋಡಿದ. ಆದರೆ ಹೊಸ ಸಿಡಿಯನ್ನು ಅಂಗಡಿಯ ಟಿವಿಗೆ ಹಾಕಿದಾಗ ಹೌಹಾರಿ ಎದ್ದು ನಿಂತ.

“ತಡೀರಿ! ಒಂದನೇ ತಿರುವು ಆದ ಮ್ಯಾಲ ಹತ್ತನೇದು ಹೆಂಗ ಬಂತು? ಎರಡನೇದರಾಗ ಬಲಕ್ಕ ಹೋಗಬೇಕು, ಹತ್ತನೇದರಾಗ ಎಡಕ್ಕ. ಹಿಂಗ ನೋಡಿದರ ಎರಡನೇದರಾಗೇ ಉರುಳ್ತಾರ!”

ತಿರುಮಲನ ನಗು ನಿಂತಿತು. “ಪ್ಲೇಯರು ಫೈಲಿನ ಹೆಸರಿನ ಮೊದಲ ಅಂಕಿ ನೋಡಿ ಸಾಲಿಗೆ ನಿಲ್ಲಿಸ್ತೈತಿ. ಒಂದರ ಬೆನ್ನಿಗೇ ಹತ್ತು. ಒಂದೇ ಅಂಕಿ ಇದ್ದಲ್ಲಿ ಮುಂದ ಸೊನ್ನಿ ಹಾಕಬೇಕು.” ಸ್ಕ್ರಿಪ್ಟಿನ ಒಂದು ಸಾಲು ತಿದ್ದಿ ಮತ್ತೆ ಓಡಿಸಿದ. ಈಗ ತಿರುವುಗಳು ಗುಡ್ಡದಲ್ಲಿದ್ದ ಹಾಗೆಯೇ ಸಾಲಾಗಿ ಇಳಿದು ಬಂದವು. ಕ್ಯಾಬಿನ್ನಿನಲ್ಲಿ ಅಂಟಿಸಲೆಂದು ಅದೇ ಸ್ಲೈಡುಗಳನ್ನು ಪಿಡಿಎಫ್ ಮಾಡಿ ಪ್ರಿಂಟೂ ತೆಗೆದುಕೊಟ್ಟ.

“ನೀವು ನೋಡದಿದ್ದರ ನಾ ಹಂಗೇ ಕಳಿಸ್ತಿದ್ನಲ್ರಿ,” ಎಂದ ಮೆಲ್ಲಗೆ.

“ಬೀಗರ ಹೆಸರಿಗೂ ಒಂದು ಸೊನ್ನಿ ಹಾಕಿದ್ರ ಮ್ಯಾಲ ಬರ್ತಿತ್ತೇನೋ,” ಎಂದ ಉಚ್ಚೆಂಗೆಪ್ಪ. ಇಬ್ಬರೂ ನಕ್ಕರು.

ಸಂಜೆ ಖಾನಾವಳಿಯ ಟಿವಿಯಲ್ಲಿ ಮೊದಲ ತಿರುವು ಮೂಡಿತು. ಡ್ರೈವರುಗಳು ಶಿಳ್ಳೆ ಹೊಡೆದರು, ಕಿಚಾಯಿಸಿದರು. ಎರಡನೇ ಸುತ್ತಿಗೆ ಅವರೇ “ಬಲಕ್ಕ! ಎಡಕ್ಕ!” ಎಂದು ಕೂಗತೊಡಗಿದರು. ಜಡೆಪ್ಪ ಎರಡು ಸಲ ತಪ್ಪಿದ, ಎರಡು ಸಲವೂ ಬೈಸಿಕೊಂಡ.

ಮರುದಿನ ಬೆಳಿಗ್ಗೆ ಎರಡನೇ ತಿರುವಿನ ಬಂಡೆಯ ಮೇಲೆ ಉಚ್ಚೆಂಗೆಪ್ಪ ನಿಂತಿದ್ದ. ಮೊದಲು ಬಂದದ್ದೇ ಜಡೆಪ್ಪನ ಲಾರಿ. ಅದರ ಮೂತಿ ರೂಢಿಯಂತೆ ಎಡಕ್ಕೆ ವಾಲಿತು. ಮರುಕ್ಷಣವೇ ಮೂತಿ ಬಲಕ್ಕೆ ಹೊರಳಿ, ಲಾರಿ ಗುಡ್ಡದ ಮೈ ಸವರಿಕೊಂಡು ನಿಧಾನಕ್ಕೆ ಇಳಿಯಿತು.

“ಬರೋಬ್ಬರಿ ಐತೇನಣ್ಣಾ?” ಜಡೆಪ್ಪ ಕಿಟಕಿಯಿಂದ ಕೂಗಿದ.

“ಬಾಯಿ ಮುಚ್ಚಿ ಮುಂದ ನೋಡಲೇ!”

ಲಾರಿ ಕೆಳಗಿನ ತಿರುವು ದಾಟಿತು. ಹಿಂದಿನಿಂದ ಬಂದದ್ದೂ ಬಲಕ್ಕೇ ಹಿಡಿಯಿತು, ಅದರ ಹಿಂದಿನದೂ. ಉಚ್ಚೆಂಗೆಪ್ಪ ಮೊದಲ ಸಲ ಬಂಡೆಯ ಮೇಲೆ ಕೂತು, ಮುಖದ ದೂಳು ಒರೆಸಿಕೊಂಡ.