ಚೀರ್ಣಿ ಅಂತ ಹೇಳಬೇಕಂತೆ

ಬೆಲ್ಲದ ಪಾಕದ ಉರುಳಿ ಪಾತ್ರೆ ಮಗುಚಿ ಮಿಸ್ರಿಯಾಳ ಬಲಗೈ ಮೊಣಕೈವರೆಗೆ ಬೆಂದಿತು. ಮೂರನೆಯ ದಿನ ಮಧೂರು ಕಡೆಯ ಅನಂತಪುರದ ಹಲ್ವ ಫ್ಯಾಕ್ಟರಿಯವರು ಅವಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಿದರು.

ಉರುಳಿಯ ಒಂದು ಹಿಡಿ ಸಡಿಲಾಗಿದೆ ಎಂದು ಹೆಂಗಸರು ರಂಜಾನಿಗೆ ಮೊದಲೇ ಹೇಳಿದ್ದರು. ಬಟ್ಟೆ ಸುತ್ತಿ ಹಿಡಿಯಿರಿ ಎಂದಿದ್ದ ಮಾಲೀಕ ಸಮದ್. ಈಗ ಮಿಸ್ರಿಯಾ ಲೇಬರ್ ಆಫೀಸಿಗೆ ದೂರು ಕೊಡುತ್ತಾಳೆಂದು ಗೊತ್ತಾದ ಮೇಲೆ ಅವನಿಗೆ ಉಪಾಯ ಹೊಳೆಯಿತು. ಎರಡು ಕಿಲೋ ಹಲ್ವದ ಪೆಟ್ಟಿಗೆ, ಮೇಲೊಂದು ಕಾಗದ: ನನ್ನ ಅಜಾಗ್ರತೆಯಿಂದಲೇ ಆದದ್ದು, ದೂರಿಲ್ಲ. ಸಹಿ ಮಾಡುವ ಕೈ ಬೆಂದಿದೆಯಲ್ಲ, ಎಡಗೈಯ ಹೆಬ್ಬೆಟ್ಟು ಸಾಕಂತೆ.

ಒಯ್ಯಲು ಕರೆದದ್ದು ನಬೀಸುಮ್ಮನನ್ನು. ಇಪ್ಪತ್ತು ವರ್ಷದಿಂದ ಅಲ್ಲಿ ಪಾಕ ನೋಡುವವಳು. ಮಿಸ್ರಿಯಾಳಿಗೆ ಕೆಲಸ ಕಲಿಸಿದವಳೂ ಅವಳೇ. ಅವಳು ಹೋದರೆ ಹುಡುಗಿ ಬಾಗಿಲು ಹಾಕುವುದಿಲ್ಲ.

"ಹಲ್ವ ಅನ್ನಬೇಡಿ ನಬೀಸುಮ್ಮ, ಚೀರ್ಣಿ ಅಂತ ಹೇಳಿ," ಎಂದ ಸಮದ್. "ನಮ್ಮ ಮನೆಯಲ್ಲಿ ಮೌಲೂದ್ ಇತ್ತು ಅಂತ."

ಊರಿನವನೇ ಅವನು, ತಿಳಿದೇ ಹೇಳಿದ. ಪ್ರವಾದಿಯನ್ನು ಸ್ತುತಿಸುವ ಮೌಲೂದ್ ಓದಿ ಮುಗಿದ ಮೇಲೆ ಹಂಚುವ ಸಿಹಿಗೆ ಮಾತ್ರ ಆ ಹೆಸರು. ಬಂದವರು ಯಾರೆಂದು ಕೇಳದೆ ಎಲ್ಲರಿಗೂ ಸಮಪಾಲು. ಅದನ್ನು ಮಾರುವವರಿಲ್ಲ, ಬೇಡ ಎನ್ನುವವರೂ ಇಲ್ಲ. ಹಗೆಯ ಮನೆಯಿಂದ ಬಂದರೂ ಬಿಸ್ಮಿ ಹೇಳಿ ಒಂದು ಚೂರು ಬಾಯಿಗೆ ಹಾಕುತ್ತಾರೆ. ತಿಂದ ಮೇಲೆ ಆ ಮನೆಯ ಮೇಲೆ ದೂರು ಹೇಳಲು ನಾಲಗೆ ಏಳುವುದಿಲ್ಲ. ಒಂದು ಶಬ್ದದಲ್ಲಿ ಬಾಯಿ ಹೊಲಿಯುವ ಬುದ್ಧಿ.

ಪ್ಯಾಕಿಂಗ್ ಮೇಜಿನಲ್ಲಿದ್ದ ಕಮಲ ಸುಮ್ಮನಿರಲಿಲ್ಲ. "ನಾಳೆ ನನ್ನ ಕೈ ಬೆಂದರೆ ಮಧೂರು ದೇವಸ್ಥಾನದ ಅಪ್ಪ ಅಂತ ಹೇಳಿ ಕಳಿಸ್ತೀರೋ ಎಂತ? ಪ್ರಸಾದ ಅಂದ್ರೆ ನಾವೂ ಬೇಡ ಅನ್ನುವವರಲ್ಲ ಮಾರಾಯ್ರೇ."

ಸಮದ್ ಪೆಟ್ಟಿಗೆಯನ್ನು ನಬೀಸುಮ್ಮನ ಮುಂದಿಟ್ಟ.

ಮೌಲೂದ್ ಯಾವ ದಿನ ಇತ್ತೆಂದು ನಬೀಸುಮ್ಮ ಕೇಳಿದಳು. ಓದಲು ಯಾವ ಉಸ್ತಾದರು ಬಂದಿದ್ದರೆಂದು ಕೇಳಿದಳು. ಅದೆಲ್ಲ ನಿಮಗೆ ಯಾಕೆ, ಹೊರಗೆ ಆಟೋ ನಿಂತಿದೆ, ಹೋಗದಿದ್ದರೆ ನಾಳೆಯಿಂದ ಈ ಕಡೆ ಬರುವುದು ಬೇಡ ಎಂದ ಅವನು.

ಅವಳು ಪೆಟ್ಟಿಗೆಯನ್ನು ಕಾಗದದ ಸಮೇತ ಅವನ ಕಡೆಗೆ ದೂಡಿದಳು.

"ಇದು ಮೊನ್ನೆ ನಾನೇ ಮಾಡಿದ ಹಲ್ವ ಮೋನೇ, ಮಾರ್ಲಿಕ್ಕೆ ಮಾಡಿದ್ದು. ಇದನ್ನು ಚೀರ್ಣಿ ಅಂತ ನಾನು ಹೇಳುವುದಿಲ್ಲ. ಆಟೋದವನಿಗೆ ಹೋಗ್ಲಿಕ್ಕೆ ಹೇಳು. ನಾನು ಹತ್ತುವುದಿಲ್ಲ."