ಬೋರ್ಡಿನ ಕೈ

ಟರ್ಪೆಂಟೈನ್‌ನಲ್ಲಿ ದಿನವೂ ಕೈಯ ಬಣ್ಣ ತೊಳೆದರೆ ಬೆರಳ ಸಂದಿ ಬಿರಿಯುತ್ತದೆ. ಬಿರಿದ ಜಾಗಕ್ಕೆ ಮತ್ತೆ ಅದೇ ತಾಗಿದರೆ ಪ್ರಾಣ ಹೋಗುವಷ್ಟು ಉರಿ. ಕಲಾ ವಿಭಾಗದ ಕೊನೆಯ ವರ್ಷದ ನಾವು ಏಳು ಮಂದಿ ಅಂಥ ಕೈಗಳನ್ನು ಹೊತ್ತುಕೊಂಡು ಒಂದು ಹೊಸ ಬ್ಯಾಂಕಿನ ಹಜಾರದಲ್ಲಿ ಸಾರುವೆ ಹತ್ತಿ, ಗೋಡೆಯ ತುಂಬ ಚಿತ್ರ ಬರೆಯುತ್ತಿದ್ದೆವು. ಕಾಲ ಕೆಳಗಿನ ಹಲಗೆ ಅಲುಗಾಡುತ್ತಿತ್ತು. ಕಿಟಕಿಗಳಿಗೆ ಇನ್ನೂ ಗಾಜಿರಲಿಲ್ಲ. ಸಿಮೆಂಟಿನ ಧೂಳು ಬಂದು ಹಸಿ ಬಣ್ಣಕ್ಕೆ ಕೂರುತ್ತಿತ್ತು. ಚಿತ್ರದ ಹೆಸರು 'ದುಡಿಯುವ ಕೈಗಳು'. ನಗಬೇಡಿ, ನಿಜವಾಗಿಯೂ ಅದೇ ಹೆಸರು.

ಬ್ಯಾಂಕಿನವರಿಂದ ಈ ಕೆಲಸ ಹಿಡಿದವರು ನಮ್ಮ ವಿಭಾಗದ ಮುಖ್ಯಸ್ಥರು. ಹಣವೂ ಅವರಿಗೇ ಸೇರಿತ್ತು. ನಮಗೆ ಮಾತ್ರ ಬೇರೆಯೇ ಹೇಳಿದ್ದರು.

"ಇದೇ ನಿಮ್ಮ ಫೈನಲ್ ಪ್ರಾಕ್ಟಿಕಲ್ಲು. ಇದಕ್ಕೇ ಮಾರ್ಕ್ಸು. ಬರೋಕಾಗದವರು ಮನೇಲಿ ಮಲಗಿ."

ಮನೆಯಲ್ಲಿ ಮಲಗಲು ನಮಗೇನು ತಲೆಕೆಟ್ಟಿತ್ತೇ? "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಚಿತ್ರ ಬರೆಯೋಕೂ ಯೂನಿವರ್ಸಿಟಿ ಬೇಕಾ?" ಎಂದು ನೆಂಟರಿಂದ ಅನ್ನಿಸಿಕೊಂಡು ಬಂದವರು ನಾವು. ಡಿಗ್ರಿ ಇಲ್ಲದೆ ಹಿಂದಿರುಗುವುದು ಸಾಧ್ಯವೇ ಇರಲಿಲ್ಲ. ಆ ಮನುಷ್ಯನಿಗೆ ಅದು ಚೆನ್ನಾಗಿ ಗೊತ್ತಿತ್ತು.

ನಾವು ಅವರಿಗೆ ಇಟ್ಟ ಹೆಸರು ಸ್ವಂತಿಕೆ ಸರ್. ಮೂರು ವರ್ಷ ಒಂದೇ ಪಾಠ. "ಕಲಾವಿದನಿಗೆ ಸ್ವಂತಿಕೆ ಬೇಕು ಕಣ್ರಯ್ಯಾ. ನಕಲು ಮಾಡೋನು ಕೂಲಿಯೋನು." ಅವರೇ ಕುಂಚ ಹಿಡಿದದ್ದನ್ನು ನಮ್ಮಲ್ಲಿ ಒಬ್ಬರೂ ಕಂಡಿರಲಿಲ್ಲ. ಒಂದು ಉದ್ದನೆಯ ಕೋಟು ಹಾಕಿಕೊಂಡು, ನಮ್ಮ ಬೆನ್ನ ಹಿಂದೆ ನಿಂತು, ಹಲ್ಲಿಯ ಹಾಗೆ ಲೊಚಗುಟ್ಟುವುದು ಅವರ ಬೋಧನೆ.

ಅವರ ಬಾಯಿಗೆ ಹೆಚ್ಚಾಗಿ ಸಿಕ್ಕುತ್ತಿದ್ದವಳು ಒಬ್ಬ ಹುಡುಗಿ. ಅವಳ ತಾಯಿ ಅಂಗಡಿಗಳಿಗೆ ಬೋರ್ಡು ಬರೆಯುವವರು. ಇವಳೂ ಚಿಕ್ಕಂದಿನಿಂದ ತಾಯಿಯ ಪಕ್ಕ ಕೂತು ಅಕ್ಷರಗಳಿಗೆ ಬಣ್ಣ ತುಂಬಿ ಬೆಳೆದವಳು. ಅದು ತಿಳಿದ ದಿನದಿಂದ ಸರ್ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ಏ ಬೋರ್ಡು, ನಿಂದು ಬೋರ್ಡಿನ ಕೈ. ನೀಟಾಗಿದೆ, ಆದರೆ ಜೀವ ಇಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!"

ಹಾಗೆ ಜೀವವಿಲ್ಲದ ಕೈಗೇ ಗೋಡೆಯ ಅತಿ ಕಷ್ಟದ ಭಾಗ ಕೊಟ್ಟಿದ್ದರು. ಮೇಲಿನ ಅಂಚು. ತಲೆ ಎತ್ತಿ ಎತ್ತಿ ಅವಳ ಕುತ್ತಿಗೆ ಹಿಡಿದುಕೊಂಡಿತ್ತು. ಊಟಕ್ಕೆ ಕೂತಾಗಲೂ ಸೂರು ನೋಡುತ್ತಲೇ ತಿನ್ನುತ್ತಿದ್ದಳು. ನಾವು ನಕ್ಕರೆ ಅವಳೂ ನಗುತ್ತಿದ್ದಳು.

ಚಿತ್ರ ಮುಗಿಯುವ ಹೊತ್ತಿಗೆ ಸರ್ ಬಂದರು. ಬಣ್ಣ ಕೋಟಿಗೆ ತಗುಲೀತೆಂದು ದೂರವೇ ನಿಂತರು. ನಮ್ಮ ಬಾಯಲ್ಲೂ ಬೋರ್ಡೇ ಆಗಿಹೋಗಿದ್ದ ಆ ಹುಡುಗಿ ಕೆಳಗಿಳಿದು ಕೇಳಿದಳು.

"ಸರ್, ಮೂಲೇಲಿ ಸಣ್ಣಕ್ಕೆ ನಮ್ಮ ಹೆಸರು ಹಾಕಲಾ? ನಾಳೆ ಕೆಲಸ ಕೇಳೋಕೆ ಹೋದಾಗ ತೋರಿಸೋಕೆ ಏನಾದ್ರೂ ಬೇಕಲ್ಲ ಸರ್."

ಸರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಗಾರೆ ಕೆಲಸದೋರು ಮನೆ ಕಟ್ಟಿ ಬಾಗಿಲ ಮೇಲೆ ತಮ್ಮ ಹೆಸರು ಬರ್ಕೋತಾರೇನೇ?"

ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆದು, ಬ್ಯಾಂಕಿನ ಮೇಜಿನ ಮೇಲೆ ಇಟ್ಟುಕೊಂಡು, ಏನೋ ಗೀಚಿ ಅವಳ ಕೈಗಿತ್ತರು.

"ತಗೋ. ಕೆಳಗಡೆ ಬಲಕ್ಕೆ ಬರಿ. ನನ್ನ ಕೈಬರಹ ಹೇಗಿದೆಯೋ ಹಾಗೇ ಬರಬೇಕು, ನಾನೇ ಬರೆದ ಹಾಗೆ. ನಿನ್ನ ತಲೆ ಓಡಿಸಬೇಡ. ಚೀಟೀಲಿ ಏನಿದೆಯೋ ಅಷ್ಟು."

ತನ್ನ ಹೆಸರನ್ನು ತಾನೇ ಬರೆಯಲಾರದ ಸ್ವಂತಿಕೆ! ಕೈ ಕೆಸರಾದದ್ದು ನಮ್ಮದು, ಬಾಯಿ ಮೊಸರಾದದ್ದು ಅವರದು. ಅವರ ಕಾರು ಗೇಟು ದಾಟಿದ ಮೇಲೆ ನಾವೆಲ್ಲ ಚೀಟಿ ಓದಿದೆವು. ಮೊದಲು ಅವರ ಹೆಸರು, ಅದರ ಹಿಂದೆ ಬಾಲದ ಹಾಗೆ ಪದವಿಗಳು. ಅದರ ಕೆಳಗೆ ಹೀಗಿತ್ತು: 'ಇದನ್ನು ದೊಡ್ಡದಾಗಿ ಬರಿ. ಹುಡುಗರ ಹೆಸರು ಎಲ್ಲೂ ಬೇಡ. ಅವಕ್ಕೆ ಮಾರ್ಕ್ಸ್ ಸಾಕು.'

ಅವಕ್ಕೆ. ಅವರಿಗೆ ಅಂತಲೂ ಇಲ್ಲ. ಹಟ್ಟಿಯ ದನಕ್ಕೆ ಹುಲ್ಲು ಹಾಕುವವರು ಹೇಳುವ ಹಾಗೆ, ಅವಕ್ಕೆ.

ಅಂದು ಸಂಜೆ ಬೋರ್ಡಿನ ಜೊತೆ ನಾನೂ ಅವಳ ಮನೆಗೆ ಹೋದೆ. ಒಂದೇ ಕೋಣೆ. ಅರ್ಧ ಕೋಣೆಯಲ್ಲಿ ಒಣಗಲು ಇಟ್ಟ ಬೋರ್ಡುಗಳು, ಉಳಿದರ್ಧದಲ್ಲಿ ಸಂಸಾರ. ಅವಳ ತಾಯಿ ಒಂದು ಹೊಲಿಗೆ ಅಂಗಡಿಯ ಬೋರ್ಡಿಗೆ ಅಂಚು ಎಳೆಯುತ್ತಿದ್ದರು. ಚೀಟಿ ಓದಿ ಬದಿಗಿಟ್ಟರು.

"ಡಿಗ್ರಿ ಕೈಗೆ ಬರಲಿ ಮಗಳೇ. ಆಮೇಲೆ ಉಗಿಯುವಂತೆ. ಈಗ ಕೊಟ್ಟದ್ದನ್ನ ಬರೆದು ಬಾ."

"ಇದನ್ನ ಹೇಗಮ್ಮ ಬರೀಲಿ?"

"ಗಿರಾಕಿ ಬರೆದುಕೊಟ್ಟಿದ್ದನ್ನ ಬರೆಯೋದಷ್ಟೇ ನಮ್ಮ ಕಸುಬು. ತಿದ್ದೋಕೆ ಹೋಗಬಾರದು. ಒಬ್ಬ ಎಣ್ಣೆ ಅಂಗಡಿಯೋನು, 'ಕಲಬೆರಕೆ ಇಲ್ಲದ ಎಣ್ಣೆ' ಅಂತ ಬರೆಯೋ ಆತುರದಲ್ಲಿ 'ಇಲ್ಲದ' ಬಿಟ್ಟು ಚೀಟಿ ಕೊಟ್ಟಿದ್ದ. ನಾನು ಹಾಗೇ ಬರೆದೆ. ನಿಜಾನೇ ಬರೆದಿದ್ದಾನೆ, ಪಾಪ, ಒಳ್ಳೆಯವನು ಅಂದ್ಕೊಂಡೆ."

"ಆಮೇಲೆ?"

"ಕುಣಿದಾಡಿದ. ನಿನ್ನ ಅಕ್ಷರ ನೋಡ್ಕೋ ಅಂತ ಚೀಟಿ ಮುಖಕ್ಕೆ ಹಿಡಿದೆ. ಬಾಯಿ ಮುಚ್ಕೊಂಡು ಹೋದ."

ನಾನು ಬಿದ್ದು ಬಿದ್ದು ನಕ್ಕೆ. ಬೋರ್ಡು ನಗಲಿಲ್ಲ. ಚೀಟಿಯನ್ನು ಎತ್ತಿಕೊಂಡು ಮತ್ತೆ ಓದುತ್ತಿದ್ದಳು. ತಾಯಿ ಅವಳ ಮುಖ ನೋಡಿ ಕುಂಚ ಕೆಳಗಿಟ್ಟರು.

"ಏನೇ ಅದು? ಬೇಡ ಕಣೇ. ಒಂದು ವರ್ಷ ಹಾಳಾಗುತ್ತೆ."

"ಹಾಳಾಗಲಿ ಅಮ್ಮ. ಗೋಡೆ ತುಂಬ ಬರೆದೋರನ್ನ 'ಅವಕ್ಕೆ' ಅಂದಿದ್ದಾನೆ."

ತಾಯಿ ಅವಳ ಕೈಯಿಂದ ಚೀಟಿ ತೆಗೆದುಕೊಂಡು ಇನ್ನೊಮ್ಮೆ ಓದಿದರು. ಆಮೇಲೆ, "ಒಂದಕ್ಷರಾನೂ ತಪ್ಪಬಾರದು ಮತ್ತೆ," ಅಂದರು.

ಮರುದಿನ ಬೋರ್ಡು ಬರೆದು ಮುಗಿಸಿದ ಕೂಡಲೇ ನಾವು ಗೋಡೆಗೆ ಪರದೆ ಬಿಟ್ಟೆವು, ಸರ್ ಮತ್ತೆ ನೋಡಲು ಬರಲಿಲ್ಲ. ಉದ್ಘಾಟನೆಯ ದಿನವೂ ಪರದೆ ಹಾಗೇ ಇತ್ತು. ಮುಂದಿನ ಸಾಲಿನಲ್ಲಿ ಬ್ಯಾಂಕಿನ ಅಧ್ಯಕ್ಷರು, ಕುಲಪತಿಗಳು, ಕುಲಪತಿಗಳ ಹೆಂಡತಿ. ನಮ್ಮನ್ನು ಹಿಂದೆ, ಚಪ್ಪಲಿ ಬಿಡುವ ಕಡೆ ನಿಲ್ಲಿಸಿದ್ದರು. ಸರ್ ಹೊಸ ಕೋಟಿನಲ್ಲಿ ಬಂದು ಮೈಕು ಹಿಡಿದರು. ಹೊಗಳಿಕೆ ತಮ್ಮದೇ ಆದ್ದರಿಂದ ಬೇಗ ಮುಗಿಯಲಿಲ್ಲ. ಶ್ರಮಜೀವಿಗಳ ಬೆವರನ್ನು ನೆನೆದು ಗಂಟಲು ಕಟ್ಟಿಸಿಕೊಂಡರು. ಕೊನೆಗೆ ಕೈ ಮೇಲೆತ್ತಿ ಹೇಳಿದರು.

"ಈ ಗೋಡೆಯ ಒಂದೊಂದು ಗೆರೆಯೂ ನನ್ನದು. ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ಇದನ್ನು ಮುಟ್ಟಿಲ್ಲ!"

ಚಪ್ಪಾಳೆ ಬಿತ್ತು. ಅಧ್ಯಕ್ಷರು ದಾರ ಎಳೆದರು. ಪರದೆ ಸರಿಯಿತು. ಚಪ್ಪಾಳೆ ಇನ್ನೂ ಜೋರಾಯಿತು. ಆಮೇಲೆ ಬಲಗಡೆ ಕೂತವರದ್ದು ನಿಂತಿತು. ಮೆಲ್ಲಗೆ ಎಡಗಡೆಯವರದ್ದೂ ನಿಂತಿತು. ಕುಲಪತಿಗಳ ಹೆಂಡತಿಗೆ ಕನ್ನಡಕ ಸರಿಯಾಗಿತ್ತೆಂದು ಕಾಣುತ್ತದೆ, ಜೋರಾಗಿ ಓದಿಯೇಬಿಟ್ಟರು.

"'ಇದನ್ನು ದೊಡ್ಡದಾಗಿ ಬರಿ. ಹುಡುಗರ ಹೆಸರು ಎಲ್ಲೂ ಬೇಡ. ಅವಕ್ಕೆ ಮಾರ್ಕ್ಸ್ ಸಾಕು.' ಏನ್ರೀ ಇದು?"

ಮೊಳದುದ್ದದ ಅಕ್ಷರಗಳು. ಅವರದೇ ಕೈಬರಹ. ಅದೇ ಬಾಗಿದ ಸಾಲು, ಅದೇ ಆತುರದ ಕೊಂಬುಗಳು. ಅವರ ಹೆಸರೂ ಇತ್ತು, ಪದವಿಗಳೂ ಇದ್ದವು, ಹೆಸರಿನ ಕೆಳಗೆ ಅವರ ಮನಸ್ಸೂ ಇತ್ತು. ಸರ್ ಮೈಕು ಕೈಯಲ್ಲಿದೆ ಎಂಬುದನ್ನೂ ಮರೆತು ಕಿರುಚಿದರು.

"ಯಾರು? ಯಾರು ಬರೆದದ್ದು ಇದನ್ನ?"

ಹಜಾರವೆಲ್ಲ ಮೊಳಗಿತು. ಬೋರ್ಡು ಚಪ್ಪಲಿಗಳನ್ನು ದಾಟಿಕೊಂಡು ಮುಂದೆ ಬಂದಳು. ಅವಳ ಆ ವರ್ಷದ ಡಿಗ್ರಿ ಅಲ್ಲಿಗೇ ಮುಗಿಯಿತೆಂದು ನಮಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ನೀವೇ ಬರೆದದ್ದು ಸರ್. ಬೇರೆ ಯಾರ ಕೈಯೂ ಮುಟ್ಟಿಲ್ಲ ಅಂತ ಈಗ ತಾನೇ ಹೇಳಿದ್ರಲ್ಲ."

ಅಧ್ಯಕ್ಷರು ನಮ್ಮ ಕಡೆ ತಿರುಗಿದರು. "ಹೌದೇನ್ರಪ್ಪಾ?"

ನಮ್ಮ ಮಾರ್ಕ್ಸೂ ಆ ಮನುಷ್ಯನ ಕೈಯಲ್ಲೇ ಇತ್ತು. ಮೂರು ವರ್ಷ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದ ನಾವು ಆರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಮುಂದೆ ಹೋಗಿ ಅವಳ ಪಕ್ಕದಲ್ಲಿ ಸಾಲಾಗಿ ನಿಂತೆವು.

"ಹೌದು ಸರ್," ಅಂದೆ ನಾನು. "ಎಲ್ಲಾ ಅವರೇ ಬರೆದದ್ದು. ನಾವು ಸಾರುವೆ ಮೇಲೆ ಸುಮ್ಮನೆ ಗಾಳಿ ತಗೋತಾ ಇದ್ವಿ."